ಗ್ರೀಕ್ ನಾಟಕಕ್ಕೆ ಹಾಡು ಸೇರಿಸಿದರೆ ಕೆಡುತ್ತದೆಯೇ?

ಪ್ರಶ್ನೆ: ದಾವಣಗೆರೆಯ ಖಾಸಗಿ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಏಳು ಮತ್ತು ಎಂಟನೇ ತರಗತಿ ಸೇರಿ 43 ಮಕ್ಕಳು. ಗ್ರೀಕ್ ನಾಗರಿಕತೆಯ ಪಾಠ ಮಾಡುವಾಗ ‘ಹರ್ಕ್ಯುಲಿಸ್’ ಕಾರ್ಟೂನ್ ಸಿನಿಮಾ ತೋರಿಸಿದೆ. ಅದರ ಹಾಡುಗಳು ಮಕ್ಕಳಿಗೆ ಬಾಯಿಪಾಠವಾಗಿಬಿಟ್ಟವು. ಈಗ ವಾರ್ಷಿಕೋತ್ಸವಕ್ಕೆ ಒಂದು ಗ್ರೀಕ್ ನಾಟಕವನ್ನೇ ‘ಮ್ಯೂಸಿಕಲ್’ ಮಾಡಿಸಿ ಎಂದು ಮುಖ್ಯೋಪಾಧ್ಯಾಯಿನಿಯವರು ಹೇಳುತ್ತಿದ್ದಾರೆ. ನಮ್ಮ ಕನ್ನಡ ಮೇಷ್ಟ್ರು, “ಮಾಡುವುದಾದರೆ ಈಡಿಪಸ್ ಮಾಡಿ, ಆದರೆ ಹಾಡು ಕುಣಿತ ಹಾಕಿ ಅದರ ಗಾಂಭೀರ್ಯ ಕೆಡಿಸಬೇಡಿ” ಎನ್ನುತ್ತಾರೆ. ಈಡಿಪಸ್ ಎಂದರೆ ತಿಳಿಯದೆ ತಂದೆಯನ್ನು ಕೊಂದು ತಾಯಿಯನ್ನೇ ಮದುವೆಯಾದ ರಾಜನ ಕಥೆ ಎಂದು ಗೊತ್ತಾಗಿ ಇಬ್ಬರು ಪೋಷಕರು ಆಗಲೇ ಮುಖ ಸಿಂಡರಿಸಿದ್ದಾರೆ. ಚೆನ್ನಾಗಿ ಹಾಡುವವರು ಐದಾರು ಮಂದಿ, ಅಷ್ಟೇ. ಎಂಟನೇ ತರಗತಿಯ ಹುಡುಗರ ದನಿ ಒಡೆಯುತ್ತಿದೆ. ಟ್ರ್ಯಾಕ್ ಹಾಕಿ ತುಟಿ ಆಡಿಸಿದರೆ ಸಾಕೇ? ನನಗೆ ಸಂಗೀತ ಬರುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಒಂದಕ್ಕೊಂದು ಸಿಕ್ಕುಹಾಕಿಕೊಂಡಿವೆ. ಹಾಡು ಸೇರಿಸಿದರೆ ಗ್ರೀಕ್ ನಾಟಕದ ಮರ್ಯಾದೆ ಹೋಗುತ್ತದೆಯೇ? ಆ ಕಥೆಗಳು ಈ ವಯಸ್ಸಿಗೆ ತಕ್ಕವೇ? ಹಾಡಲು ಬಾರದ ಮೂವತ್ತೇಳು ಮಕ್ಕಳನ್ನು ಏನು ಮಾಡುವುದು? ಶಾಲೆಯ ಮಕ್ಕಳಿಗೆ ನಾಟಕ ಕಲಿಸುವುದೇ ಕೆಲಸವಾಗಿರುವ ನನಗೆ ಮೂರನೆಯದೇ ನಿಜವಾದ ಪ್ರಶ್ನೆ ಅನ್ನಿಸುತ್ತದೆ. ಅದಕ್ಕೆ ಉತ್ತರ ಗ್ರೀಕರ ಹತ್ತಿರವೇ ಇದೆ. ಮೊದಲು ಮೇಷ್ಟ್ರ ಮಾತು ತೆಗೆದುಕೊಳ್ಳೋಣ.

ಹಾಡು ಕುಣಿತ ತೆಗೆದರೆ ಗ್ರೀಕ್ ನಾಟಕದ ಬೆನ್ನೆಲುಬೇ ಹೋಗುತ್ತದೆ. ಕ್ರಿ.ಪೂ. 5ನೇ ಶತಮಾನದ ಅಥೆನ್ಸಿನಲ್ಲಿ ವಸಂತ ಕಾಲದ ಡಯೋನೀಸಿಯ ಹಬ್ಬಕ್ಕೆ ಅಕ್ರೊಪೊಲಿಸ್ ಗುಡ್ಡದ ದಕ್ಷಿಣದ ಇಳಿಜಾರಿನಲ್ಲಿ ನಾಟಕದ ಸ್ಪರ್ಧೆ ನಡೆಯುತ್ತಿತ್ತು. ಸ್ಪರ್ಧೆಗೆ ಬರುವ ಕವಿ ಅಧಿಕಾರಿಯ ಮುಂದೆ ಹೋಗಿ ಕೇಳುತ್ತಿದ್ದುದು ತನಗೊಂದು ಮೇಳ ಕೊಡಿ ಎಂದು. ಆ ಮೇಳದ ತಾಲೀಮು, ಉಡುಪು, ಊಟದ ಖರ್ಚನ್ನೆಲ್ಲ ಊರಿನ ಒಬ್ಬ ಸಿರಿವಂತ ಹೊರಬೇಕು. ಕ್ರಿ.ಪೂ. 472ರಲ್ಲಿ ಈಸ್ಕಿಲಸ್‌ನ ‘ಪರ್ಷಿಯನ್ನರು’ ನಾಟಕಕ್ಕೆ ಹೀಗೆ ಹಣ ಹಾಕಿದವನು, ಮುಂದೆ ಅಥೆನ್ಸಿನ ನಾಯಕನಾದ ಪೆರಿಕ್ಲಿಸ್. ದುರಂತ ನಾಟಕದ ಮೇಳದಲ್ಲಿ ಮೊದಲು 12 ಮಂದಿ ಇದ್ದರು, ಈಡಿಪಸ್ ಬರೆದ ಕವಿ ಸೊಫೊಕ್ಲಿಸ್ ಅದನ್ನು 15ಕ್ಕೆ ಏರಿಸಿದ. ಹಾಸ್ಯ ನಾಟಕಕ್ಕೆ 24 ಮಂದಿ. ಒಮ್ಮೆ ರಂಗಕ್ಕೆ ಬಂದರೆ ಬಹುಮಟ್ಟಿಗೆ ನಾಟಕ ಮುಗಿಯುವವರೆಗೂ ಅಲ್ಲೇ ಇದ್ದು, ಹಾಡುತ್ತ ಕುಣಿಯುತ್ತ ಇರುವವರು ಇವರು. ಜೊತೆಗೆ ಔಲೋಸ್ ಎಂಬ ಜೋಡಿ ಕೊಳವೆಯ ವಾದ್ಯ ಊದುವವನೊಬ್ಬ. ಇನ್ನು ಮಾತಿನ ಪಾತ್ರಗಳಿಗೆ ಇದ್ದ ನಟರು ಮೂವರೇ. ರಾಜ, ರಾಣಿ, ದೂತ, ಕುರುಬ ಎಲ್ಲರನ್ನೂ ಮುಖವಾಡ ಬದಲಿಸಿ ಆ ಮೂವರೇ ಆಡುತ್ತಿದ್ದರು.

ಇನ್ನೊಂದು ಸಂಗತಿ ಇದೆ. ಇದನ್ನು ನಿಮ್ಮ ಮಕ್ಕಳಿಗೆ ಮೊದಲ ದಿನವೇ ಹೇಳಿ. ಅದೇ ಹಬ್ಬದಲ್ಲಿ ಡಿಥಿರಾಂಬ್ ಎಂಬ ಗುಂಪು ಹಾಡಿನ ಸ್ಪರ್ಧೆಯೂ ಇತ್ತು. ಅಥೆನ್ಸಿನ ಹತ್ತು ಬಣಗಳಲ್ಲಿ ಒಂದೊಂದೂ 50 ಗಂಡಸರ ಒಂದು ಮೇಳ, 50 ಹುಡುಗರ ಒಂದು ಮೇಳ ಕಳಿಸಬೇಕು. ಅಂದರೆ ಪ್ರತಿ ವರ್ಷ 500 ಹುಡುಗರು ಸಾವಿರಾರು ಜನರ ಎದುರು ವೃತ್ತಾಕಾರದಲ್ಲಿ ನಿಂತು ಹಾಡಿ ಕುಣಿಯುತ್ತಿದ್ದರು. ಅವರೆಲ್ಲ ‘ಚೆನ್ನಾಗಿ ಹಾಡುವವರು’ ಆಗಿದ್ದಿರಲು ಸಾಧ್ಯವಿಲ್ಲ. ಹುಡುಗಿಯರಿಗೆ ಅಲ್ಲಿ ಜಾಗವಿರಲಿಲ್ಲ, ಗುಲಾಮರಿಗೆ ಇರಲಿಲ್ಲ. ಅದನ್ನೂ ಮುಚ್ಚಿಡದೆ ಹೇಳಿ. ಏಳನೇ ತರಗತಿಯ ಹುಡುಗಿಯರು ಅದಕ್ಕೆ ಕೇಳುವ ಪ್ರಶ್ನೆಗಳೇ ಒಂದು ಪಿರಿಯಡ್ ತುಂಬುತ್ತವೆ.

ಹಾಗಿದ್ದರೆ ‘ಗಂಭೀರ, ಆದ್ದರಿಂದ ಹಾಡಿಲ್ಲ’ ಎಂಬ ಕಲ್ಪನೆ ಎಲ್ಲಿಂದ ಬಂತು? ಮೇಷ್ಟ್ರ ತಪ್ಪಲ್ಲ. ನಮ್ಮ ಕೈಗೆ ಬಂದಿರುವುದು ಮಾತು ಮಾತ್ರ. ಈಸ್ಕಿಲಸ್‌ನ ಹೆಸರಿನಲ್ಲಿ 7, ಸೊಫೊಕ್ಲಿಸ್‌ನ 7, ಯೂರಿಪಿಡಿಸ್‌ನ ಹೆಸರಿನಲ್ಲಿ 19, ಅರಿಸ್ಟೊಫನಿಸ್‌ನ 11 ನಾಟಕಗಳು ಪೂರ್ತಿಯಾಗಿ ಉಳಿದಿವೆ. ಅವುಗಳ ಸಂಗೀತದಲ್ಲಿ ಉಳಿದಿರುವುದು ಪಪೈರಸ್ ಹಾಳೆಯ ತುಣುಕುಗಳಲ್ಲಿನ ನಾಲ್ಕಾರು ಸಾಲು. ಮುದ್ರಿತ ಅನುವಾದ ಕೈಗೆತ್ತಿಕೊಂಡರೆ ಎಲ್ಲಿ ಮಾತು ನಿಂತು ಹಾಡು ಶುರುವಾಯಿತು ಎಂಬುದೇ ಕಾಣುವುದಿಲ್ಲ. ಕಾಲೇಜಿನಲ್ಲಿ ಅದನ್ನು ಪಠ್ಯವಾಗಿ ಓದಿದವರಿಗೆ ಅದು ಮೂರ್ತಿಯಂತೆ ನಿಂತು ಹೇಳುವ ಸಂಭಾಷಣೆ ಅನ್ನಿಸುವುದು ಸಹಜ. ಕುತೂಹಲವಿದ್ದರೆ, ಯೂರಿಪಿಡಿಸ್‌ನ ‘ಒರೆಸ್ಟಿಸ್’ ನಾಟಕದ ಒಂದು ತುಣುಕನ್ನು ಆಕ್ಸ್‌ಫರ್ಡಿನ ವಿದ್ವಾಂಸ ಅರ್ಮಾಂಡ್ ಡಾಂಗೂರ್ 2017ರಲ್ಲಿ ಔಲೋಸ್ ಸಮೇತ ಮೇಳದಿಂದ ಹಾಡಿಸಿದ್ದಾರೆ. ಅಂತರ್ಜಾಲದಲ್ಲಿ ಸಿಗುತ್ತದೆ. ಮೇಷ್ಟ್ರನ್ನೂ ಕೂರಿಸಿಕೊಂಡು ಕೇಳಿ.

ಆದರೆ ಮುಖ್ಯೋಪಾಧ್ಯಾಯಿನಿಯವರ ‘ಮ್ಯೂಸಿಕಲ್’ ಕೂಡ ಪೂರ್ತಿ ಸರಿಯಲ್ಲ. ಅಮೆರಿಕದ ಮ್ಯೂಸಿಕಲ್‌ನಲ್ಲಿ ಹಾಡು ಹೆಚ್ಚಾಗಿ ನಾಯಕ ನಾಯಕಿಯರದು. ತನಗೇನು ಬೇಕು ಎಂದು ನಾಯಕ ಒಬ್ಬನೇ ನಿಂತು ಹಾಡುತ್ತಾನೆ, ಹಿಂದಿನ ಗುಂಪು ಅವನಿಗೆ ಅಲಂಕಾರ. ಗ್ರೀಕರಲ್ಲಿ ಹಾಡಿನ ಬಹುಪಾಲು ಮೇಳದ್ದು. ನಟ ಒಬ್ಬನೇ ಹಾಡುವುದೂ ಉಂಟು, ಯೂರಿಪಿಡಿಸ್‌ನಲ್ಲಿ ಅದು ಜಾಸ್ತಿ. ಆದರೆ ಅದು ಮಾತಿಗೆ ಮೀರಿದ ದುಃಖವೋ ದಿಗಿಲೋ ಬಂದಾಗ. ಮಕ್ಕಳಿಗೆ ಕಲಿಸಬೇಕಾದ್ದು ಈ ಹಂಚಿಕೆಯನ್ನೇ: ಯಾರು ಮಾತಾಡುತ್ತಾರೆ, ಯಾರು ಹಾಡುತ್ತಾರೆ, ಮಾತು ಯಾವ ಗಳಿಗೆಯಲ್ಲಿ ಹಾಡಿಗೆ ತಿರುಗುತ್ತದೆ. ಮ್ಯೂಸಿಕಲ್ ನೋಡಿ ಬೆಳೆದ ಮಗುವಿಗೆ ಇದು ಬೇಗ ಹತ್ತುತ್ತದೆ. ಅಷ್ಟರ ಮಟ್ಟಿಗೆ ನಿಮ್ಮ ‘ಹರ್ಕ್ಯುಲಿಸ್’ ಒಳ್ಳೆಯ ಮೆಟ್ಟಿಲು.

1997ರ ಆ ಚಿತ್ರದಲ್ಲಿ ಕಥೆ ಹೇಳುತ್ತ ಹಾಡುವ ಐವರು ಮ್ಯೂಸ್ ದೇವಿಯರಿದ್ದಾರಲ್ಲ (ಪುರಾಣದಲ್ಲಿ ಒಂಬತ್ತು ಮಂದಿ), ಅವರನ್ನೇ ಗ್ರೀಕ್ ಮೇಳ ಎಂದು ಎಷ್ಟೋ ಕಡೆ ಕಲಿಸುತ್ತಾರೆ. ಅರ್ಧ ಮಾತ್ರ ನಿಜ. ಕಥೆಯ ಹೊರಗೆ ನಿಂತು ಎಲ್ಲ ಬಲ್ಲವರಂತೆ ಹಾಡುವ ಆ ಐವರು ನಮ್ಮ ಯಕ್ಷಗಾನದ ಭಾಗವತರಿಗೆ ಹತ್ತಿರ. ಗ್ರೀಕ್ ಮೇಳ ಕಥೆಯ ಒಳಗಿರುವ ಪಾತ್ರ. ‘ಪರ್ಷಿಯನ್ನರು’ ನಾಟಕದಲ್ಲಿ ಅದು ಪರ್ಷಿಯದ ಹಿರಿಯರ ಗುಂಪು, ‘ಮೀಡಿಯ’ದಲ್ಲಿ ಕೊರಿಂತ್ ಊರಿನ ಹೆಂಗಸರು, ಅರಿಸ್ಟೊಫನಿಸ್‌ನಲ್ಲಿ ಹಕ್ಕಿಗಳು. ಅವರಿಗೆ ಭಯವಿದೆ, ಪಕ್ಷಪಾತವಿದೆ, ಮುಂದೇನಾಗುತ್ತದೆಂದು ಗೊತ್ತಿಲ್ಲ. ಯಕ್ಷಗಾನದಲ್ಲಿ ಹಾಡುವವರು ಬೇರೆ, ಕುಣಿಯುವವರು ಬೇರೆ. ಗ್ರೀಕರಲ್ಲಿ ಎರಡೂ ಒಂದೇ ಮೈ. ಹಿಮ್ಮೇಳ ಮುಮ್ಮೇಳ ಕಂಡ ಮಕ್ಕಳಿಗೆ ಈ ವ್ಯತ್ಯಾಸವನ್ನು ಹೋಲಿಸಿ ತೋರಿಸಿದರೆ ಮತ್ತೆ ಮರೆಯುವುದಿಲ್ಲ.

ಶಾಲೆಗಳಲ್ಲಿ ಸುತ್ತಾಡುವ ಇನ್ನು ಕೆಲವು ತಪ್ಪು ತಿಳಿವಳಿಕೆಗಳನ್ನು ಬೇಗ ಮುಗಿಸುತ್ತೇನೆ. ಬಿಳಿ ಬೆಡ್‌ಶೀಟ್ ಸುತ್ತಿಸಬೇಡಿ; ಟೋಗ ರೋಮನ್ನರದು, ಗ್ರೀಕ್ ರಂಗದ ಉಡುಪು ಬಣ್ಣಬಣ್ಣದ್ದು, ಕುಸುರಿ ಮಾಡಿದ್ದು. ಮುಖವಾಡದ ಬಾಯಲ್ಲಿ ಧ್ವನಿವರ್ಧಕದ ಕೊಳವೆ ಇತ್ತು ಎಂಬುದಕ್ಕೆ ಗಟ್ಟಿ ಆಧಾರವಿಲ್ಲ; ಬಟ್ಟೆಯಂಥ ಹಗುರ ವಸ್ತುವಿನಲ್ಲಿ ಮಾಡುತ್ತಿದ್ದುದರಿಂದ ಒಂದೂ ಉಳಿದಿಲ್ಲ, ನಮಗೆ ಗೊತ್ತಿರುವುದೆಲ್ಲ ಮಡಕೆಯ ಚಿತ್ರ, ಮಣ್ಣಿನ ಗೊಂಬೆಗಳಿಂದ. ಗೇಣುದ್ದ ಅಟ್ಟೆಯ ಬೂಟು ನಂತರದ ಕಾಲದ್ದು. ಎಪಿಡಾರಸ್ ರಂಗಮಂದಿರದ ನಡುವೆ ನಾಣ್ಯ ಬಿದ್ದರೆ ಕೊನೆಯ ಸಾಲಿಗೂ ಸ್ಪಷ್ಟವಾಗಿ ಕೇಳುತ್ತದೆ ಅನ್ನುವ ಮಾತನ್ನು ನೆದರ್ಲೆಂಡ್ಸಿನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದವರು ಅಳೆದು ನೋಡಿ 2017ರಲ್ಲಿ ಹೇಳಿದ್ದು, ಅದು ಅಷ್ಟು ನಿಜವಲ್ಲ ಎಂದು. ಗಟ್ಟಿಯಾಗಿ, ಬಿಡಿಸಿ ಮಾತಾಡಿದರೆ ಮಾತ್ರ ಮೇಲಿನವರೆಗೆ ತಲುಪುತ್ತದೆ. ನಿಮ್ಮ ಮಕ್ಕಳಿಗೆ ಬೇಕಾದ ಪಾಠವೂ ಅದೇ. ಇನ್ನು ದುರಂತ ನಾಟಕವೆಂದರೆ ಕೊನೆಗೆ ಎಲ್ಲರೂ ಸಾಯಬೇಕೆಂದಿಲ್ಲ. ಯೂರಿಪಿಡಿಸ್‌ನ ‘ಹೆಲೆನ್’ನಲ್ಲಿ ಗಂಡ ಹೆಂಡಿರು ಉಪಾಯವಾಗಿ ಈಜಿಪ್ಟಿನಿಂದ ತಪ್ಪಿಸಿಕೊಂಡು ಹೋಗುತ್ತಾರೆ.

ಈಗ ಕಥೆಯ ಆಯ್ಕೆ. ಇಲ್ಲಿ ನಿಧಾನವಾಗಿ ಯೋಚಿಸಿ.

ಈಡಿಪಸ್ ಬಗ್ಗೆ ಪೋಷಕರ ಮುಜುಗರವನ್ನು ಹಳೇಕಾಲದವರ ಗೊಣಗಾಟ ಎಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಲಂಕೇಶರ ಕನ್ನಡ ಈಡಿಪಸ್ಸನ್ನು 1970ರ ದಶಕದ ಆರಂಭದಲ್ಲಿ ಬಿ.ವಿ. ಕಾರಂತರು ಬೆಂಗಳೂರಿನ ಬಯಲು ರಂಗದಲ್ಲಿ ಮಾಡಿಸಿದ್ದು ಕನ್ನಡ ರಂಗಭೂಮಿಗೆ ದೊಡ್ಡ ಘಟನೆ. ಆದರೆ ಅದು ದೊಡ್ಡವರು ದೊಡ್ಡವರಿಗೆ ಆಡಿದ ನಾಟಕ. ಹದಿಮೂರರ ಹುಡುಗನಿಗೆ ಆ ಕಥೆ ಅರ್ಥವಾಗುವುದಿಲ್ಲ ಎಂದಲ್ಲ. ಅರ್ಥವಾಗುತ್ತದೆ, ಮತ್ತು ಪಾತ್ರ ಮಾಡಿದವನನ್ನು ಮಿಕ್ಕವರು ವರ್ಷವಿಡೀ ಅದೇ ಹೆಸರಿನಿಂದ ರೇಗಿಸುತ್ತಾರೆ. ಅಂಥದ್ದನ್ನು ಕಂಡಿದ್ದೇನೆ. ‘ಆಂಟಿಗೊನೆ’ ಇನ್ನೂ ಒಳ್ಳೆಯ ಆಯ್ಕೆ ಎಂದು ಕೆಲವರು ಹೇಳಬಹುದು. ಅಣ್ಣನ ಹೆಣಕ್ಕೆ ಮಣ್ಣು ಕೊಡುವ ಹುಡುಗಿ, ಕೊಡಬಾರದೆನ್ನುವ ರಾಜ, ಈ ವಾದ ಎಂಟನೇ ತರಗತಿಗೆ ಬಹಳ ಚೆನ್ನಾಗಿ ಹಿಡಿಸುತ್ತದೆ. ಆದರೆ ಅದರ ಕೊನೆಯಲ್ಲಿ ಮೂರು ಆತ್ಮಹತ್ಯೆಗಳಿವೆ. ಆ ವಾದದ ದೃಶ್ಯವನ್ನು ತರಗತಿಯಲ್ಲಿ ಓದಿಸಿ, ಚರ್ಚೆ ಮಾಡಿಸಿ. ಪೂರ್ತಿ ನಾಟಕವನ್ನು ಈ ವಯಸ್ಸಿನವರಿಂದ ರಂಗದ ಮೇಲೆ ಮಾಡಿಸುವುದಕ್ಕೆ ನಾನು ಹೋಗುವುದಿಲ್ಲ.

ಸಿದ್ಧ ಮ್ಯೂಸಿಕಲ್ ತಂದು ಮಾಡುವುದು ಇನ್ನೊಂದು ದಾರಿ. 2019ರಲ್ಲಿ ಬ್ರಾಡ್‌ವೇಗೆ ಬಂದ ‘ಹೇಡಿಸ್‌ಟೌನ್’ ಸತ್ತ ಹೆಂಡತಿಯನ್ನು ಕರೆತರಲು ಪಾತಾಳಕ್ಕಿಳಿದ ಹಾಡುಗಾರ ಆರ್ಫಿಯಸ್‌ನ ಕಥೆಯದು, ಅದರಲ್ಲಿ ಹರ್ಮಿಸ್ ದೇವರು ಸೂತ್ರಧಾರ, ಮೂವರು ವಿಧಿದೇವಿಯರು ಮೇಳದಂತೆ ಕಾಡುತ್ತಾರೆ. ಹಾಡು ಕೇಳಿಸಿ, ಹೋಲಿಸಿ. ಮಾಡಿಸಲು ಹೊರಟರೆ ಮಾತ್ರ ಲೈಸೆನ್ಸ್, ಹಣ, ಇಂಗ್ಲಿಷ್ ಉಚ್ಚಾರಣೆ, ದೊಡ್ಡವರ ಗಂಟಲಿಗೆ ಬರೆದ ಸ್ವರಗಳು ಎಲ್ಲ ಒಟ್ಟಿಗೆ ಮೈಮೇಲೆ ಬರುತ್ತವೆ. ಕೊನೆಗೆ ಮಕ್ಕಳು ಕಲಿಯುವುದು ಬ್ರಾಡ್‌ವೇಯನ್ನು, ಅಥೆನ್ಸನ್ನಲ್ಲ.

ಅರಿಸ್ಟೊಫನಿಸ್‌ನ ‘ಕಪ್ಪೆಗಳು’ (ಕ್ರಿ.ಪೂ. 405) ನಾಟಕದಲ್ಲಿ ಒಂದು ತುಣುಕಿದೆ. ದೇವರಾದ ಡಯೋನೀಸಸ್ ಸತ್ತವರ ಲೋಕಕ್ಕೆ ದೋಣಿಯಲ್ಲಿ ಹೋಗಬೇಕು, ಅಂಬಿಗ ಕೇರಾನ್ ಅವನಿಂದಲೇ ಹುಟ್ಟು ಹಾಕಿಸುತ್ತಾನೆ. ಕೆರೆಯ ಕಪ್ಪೆಗಳು ‘ಬ್ರೆಕೆಕೆಕೆಕ್ಸ್ ಕೊಆಕ್ಸ್ ಕೊಆಕ್ಸ್’ ಎಂದು ವಟಗುಟ್ಟುತ್ತ ಅವನ ಹುಟ್ಟಿನ ಲಯ ಕೆಡಿಸುತ್ತವೆ, ಕೊನೆಗೆ ಅವನು ಅವಕ್ಕಿಂತ ಜೋರಾಗಿ ವಟಗುಟ್ಟಿ ಬಾಯಿ ಮುಚ್ಚಿಸುತ್ತಾನೆ. ಆರನೇ ತರಗತಿಗೂ ಇದು ಹಬ್ಬ. ಮೊದಲ ವಾರದ ಅಭ್ಯಾಸಕ್ಕೆ ಇಷ್ಟನ್ನೇ ಇಟ್ಟುಕೊಳ್ಳಿ. ಪೂರ್ತಿ ನಾಟಕ ಬೇಡ. ಅಥೆನ್ಸಿನ ರಾಜಕೀಯದ ಚುಚ್ಚುಮಾತು, ಪೋಲಿ ಮಾತು ತುಂಬಿವೆ, ಅವನ್ನೆಲ್ಲ ತೆಗೆದರೆ ಹರಿದ ಬಟ್ಟೆ ಉಳಿಯುತ್ತದೆ.

ಪರ್ಷಿಯನ್ನರ ಯುದ್ಧದ ಪಾಠಕ್ಕೆ ಜೋಡಿಸಬೇಕೆಂದರೆ ‘ಪರ್ಷಿಯನ್ನರು’ ಇದೆ. ಗ್ರೀಕರು ಪರ್ಷಿಯನ್ನರನ್ನು ಸೋಲಿಸಿದ ಸಲಾಮಿಸ್ ಕದನ ನಡೆದದ್ದು ಕ್ರಿ.ಪೂ. 480ರಲ್ಲಿ. ಗೆದ್ದವರು ಎಂಟೇ ವರ್ಷಕ್ಕೆ ಸೋತವರ ಊರಿನ ಅಳುವನ್ನು ರಂಗದ ಮೇಲೆ ಹಾಡಿಸಿದರು. ಬಿ.ಎಂ. ಶ್ರೀಕಂಠಯ್ಯನವರು 1935ರಲ್ಲೇ ಇದನ್ನು ‘ಪಾರಸಿಕರು’ ಎಂದು ಕನ್ನಡಕ್ಕೆ ತಂದಿದ್ದಾರೆ. ಭಾಷೆ ಮಕ್ಕಳಿಗೆ ಗಡುಸು. ದೂತ ಬಂದು ಕದನದ ಸುದ್ದಿ ಹೇಳುವ ಒಂದು ಭಾಗವನ್ನು ನೀವೂ ಮೇಷ್ಟ್ರೂ ಕೂತು ಸರಳ ಮಾಡಿಕೊಂಡರೆ ಒಂದು ಒಳ್ಳೆಯ ದೃಶ್ಯವಾಗುತ್ತದೆ. ಮೇಷ್ಟ್ರನ್ನು ಒಳಗೆ ಸೇರಿಸಿಕೊಳ್ಳಲೂ ಇದೇ ಬಾಗಿಲು.

ಆದರೂ ನಿಮ್ಮ ಜಾಗದಲ್ಲಿ ನಾನಿದ್ದರೆ ಆರಿಸುವುದು ಸೊಫೊಕ್ಲಿಸ್‌ನ ‘ಜಾಡು ಹಿಡಿಯುವವರು’. ಇದು ಸ್ಯಾಟಿರ್ ನಾಟಕ. ಹಬ್ಬದಲ್ಲಿ ಪ್ರತಿ ಕವಿಯೂ ಮೂರು ದುರಂತ ನಾಟಕಗಳಾದ ಮೇಲೆ ಕೊನೆಗೆ ಇಂಥದೊಂದು ನಗೆಯ ನಾಟಕ ಆಡಿಸಬೇಕಿತ್ತು. ಸ್ಯಾಟಿರ್‌ಗಳೆಂದರೆ ಕುದುರೆಬಾಲದ, ಅಂಜುಬುರುಕ, ಬಾಯಿಬಡುಕ ಕಾಡುಜೀವಿಗಳು. ಸುಮಾರು ನಾನೂರು ಸಾಲು ಮಾತ್ರ ಉಳಿದಿರುವ ಈ ನಾಟಕ ಸಿಕ್ಕಿದ್ದು ಈಜಿಪ್ಟಿನ ಆಕ್ಸಿರಿಂಕಸ್‌ನ ಹಳೇ ಕಸದ ಗುಡ್ಡೆಗಳಲ್ಲಿ, ಅಚ್ಚಾದದ್ದು 1912ರಲ್ಲಿ. ಅಪೋಲೋ ದೇವರ ಹಸುಗಳು ಕಳುವಾಗಿವೆ. ಹುಡುಕಿಕೊಟ್ಟವರಿಗೆ ಬಂಗಾರ ಎಂದು ಡಂಗುರ. ಮುದಿ ಸೈಲೆನಸ್ ತನ್ನ ಸ್ಯಾಟಿರ್ ಮಕ್ಕಳನ್ನು ಕಟ್ಟಿಕೊಂಡು ಹೊರಡುತ್ತಾನೆ. ನೆಲಕ್ಕೆ ಮೂಗು ಹಚ್ಚಿ ಜಾಡು ಹಿಡಿದರೆ ಗೊರಸಿನ ಗುರುತೆಲ್ಲ ಹಿಂದುಮುಂದು! ಅಷ್ಟರಲ್ಲಿ ನೆಲದೊಳಗಿಂದ ಯಾರೂ ಕೇಳಿರದ ಒಂದು ಸದ್ದು. ಎಲ್ಲರೂ ಹೆದರಿ ನೆಲಕ್ಕೆ ಅಂಟುತ್ತಾರೆ, ಅಪ್ಪ ಬೈಯುತ್ತಾನೆ, ತಾನು ಕೇಳಿದಾಗ ಅವನೂ ಬೆದರುತ್ತಾನೆ. ಗುಹೆಯಿಂದ ಬಂದ ಸಿಲೀನೆ ಎಂಬ ವನದೇವಿ ಹೇಳುತ್ತಾಳೆ: ಒಳಗೊಂದು ಕೂಸಿದೆ, ಹೆಸರು ಹರ್ಮಿಸ್, ಸತ್ತ ಆಮೆಯ ಚಿಪ್ಪಿಗೆ ದನಿ ಬರಿಸಿದ್ದಾನೆ. ಅಂದರೆ ಲೈರ್ ಎಂಬ ತಂತಿವಾದ್ಯ ಹುಟ್ಟಿದ ಗಳಿಗೆಯ ಕಥೆ ಇದು. ಸಂಗೀತವನ್ನು ಮೊಟ್ಟಮೊದಲು ಕೇಳಿದವರು ದಿಗಿಲುಬಿದ್ದ ಕಥೆಯನ್ನು ಸಂಗೀತ ನಾಟಕವಾಗಿ ಮಾಡಿಸುವುದಕ್ಕಿಂತ ಒಳ್ಳೆಯ ಅವಕಾಶ ಬೇರೆ ಎಲ್ಲಿದೆ?

ಮೇಳದಲ್ಲಿ ಮೂವತ್ತೈದು ಸ್ಯಾಟಿರ್‌ಗಳಿದ್ದರೂ ನಡೆಯುತ್ತದೆ. ಹರ್ಮಿಸ್‌ನನ್ನು ಕಂಡ ಮಕ್ಕಳು ಬಾಲಕೃಷ್ಣ ಅನ್ನುತ್ತಾರೆ. ಅನ್ನಲಿ, ಎಲ್ಲಿ ಬೇರೆ ಎಂದು ಮರುಪ್ರಶ್ನೆ ಹಾಕಿ. ಒಂದೇ ಎಚ್ಚರಿಕೆ: ಹಳೇ ಮಡಕೆಗಳಲ್ಲಿ ಸ್ಯಾಟಿರ್‌ಗಳ ಚಿತ್ರ ಮಕ್ಕಳ ಕಣ್ಣಿಗೆ ತಕ್ಕದ್ದಲ್ಲ. ಫೋನ್ ಕೊಟ್ಟು ಹುಡುಕಿ ಎನ್ನಬೇಡಿ. ಚಿತ್ರಗಳನ್ನು ನೀವೇ ಆರಿಸಿ ಮುದ್ರಿಸಿ ತನ್ನಿ.

ಇನ್ನು ‘ನನಗೆ ಸಂಗೀತ ಬರುವುದಿಲ್ಲ’ ಎಂಬ ಮಾತು. ನಿಮಗೆ ಬೇಕಾದ್ದು ರಾಗವಲ್ಲ, ಲಯ. ಅದರಲ್ಲಿ ಕನ್ನಡದ ಮಕ್ಕಳಿಗೆ ಇಂಗ್ಲಿಷ್ ಮಕ್ಕಳಿಗಿಲ್ಲದ ಅನುಕೂಲವಿದೆ. ಗ್ರೀಕ್ ಛಂದಸ್ಸು ನಿಂತಿರುವುದು ಇಂಗ್ಲಿಷಿನಂತೆ ಉಚ್ಚಾರದ ಒತ್ತಿನ ಮೇಲಲ್ಲ, ಲಘು ಗುರುವಿನ ಮೇಲೆ. ದೀರ್ಘ ಬಂದರೆ ಗುರು, ಮುಂದೆ ಒತ್ತಕ್ಷರ ಬಂದರೆ ಗುರು ಎಂದು ವ್ಯಾಕರಣದ ಪಿರಿಯಡ್‌ನಲ್ಲಿ ಪ್ರಸ್ತಾರ ಹಾಕುತ್ತಾರಲ್ಲ, ಗ್ರೀಕರ ನಿಯಮವೂ ಹೆಚ್ಚುಕಡಿಮೆ ಅದೇ. ಮೇಳ ನಡೆದು ಬರುವಾಗ ಬಳಸುತ್ತಿದ್ದ ಅನಪೀಸ್ಟ್ ಎಂಬ ಗಣ ಲಘು ಲಘು ಗುರು, ಅಂದರೆ ನಮ್ಮ ಸಗಣ. ಅಂಥ ನಾಲ್ಕು ಸೇರಿದರೆ ಒಂದು ಸಾಲು. ನಮ್ಮಲ್ಲಿ ಅದನ್ನು ತೋಟಕ ವೃತ್ತ ಅನ್ನುತ್ತೇವೆ. ಗ್ರೀಕರು ನಡುವೆ ಎರಡು ಲಘುವಿನ ಬದಲು ಒಂದು ಗುರು ಹಾಕುವ ಸಡಿಲ ಇಟ್ಟುಕೊಂಡಿದ್ದರು. ನೀವು ಆ ಗೋಜಿಗೆ ಹೋಗಬೇಡಿ. ನಾನು ತರಗತಿಯಲ್ಲಿ ಕೊಡುವ ಸಾಲು ಇದು:

ಹಸುವೂ ಕರುವೂ ಕಳುವಾಗಿವೆಯೋ

ಇದನ್ನು ಮೊದಲು ಮಾತಿನಂತೆ ಹೇಳಿಸಿ. ಆಮೇಲೆ ಒಂದೇ ಸ್ವರದಲ್ಲಿ ಪಠಿಸುತ್ತ, ಪ್ರತಿ ಗುರುವಿಗೂ ಒಂದು ಹೆಜ್ಜೆ ಊರಿಸಿ. ನಾಲ್ಕು ಗುರು, ನಾಲ್ಕು ಹೆಜ್ಜೆ. ಮೊದಮೊದಲು ಅರ್ಧ ತರಗತಿ ಲಘುವಿಗೂ ಕಾಲೆತ್ತಿ ಮುಗ್ಗರಿಸುತ್ತದೆ, ನಗು ಏಳುತ್ತದೆ. ಹತ್ತು ನಿಮಿಷದಲ್ಲಿ ಪಾದಗಳು ಒಂದಾಗುತ್ತವೆ. ಆಮೇಲೆ ಎರಡನೇ ಗುಂಪಿಗೆ ಅದೇ ಅಳತೆಯಲ್ಲಿ ಉತ್ತರದ ಸಾಲು ಕಟ್ಟಲು ಹೇಳಿ. ಒಮ್ಮೆ ಬಂದ ಉತ್ತರ:

ಸುಳಿವೇ ಸಿಗದೇ ಅಲೆದಾಡಿದೆವೋ

ಅಕ್ಷರಕ್ಕೆ ಅಕ್ಷರ ಕೂಡುತ್ತದೆ, ಪ್ರಸ್ತಾರ ಹಾಕಿ ನೋಡಿ. ಗ್ರೀಕ್ ಮೇಳದ ಹಾಡಿನಲ್ಲಿ ಸ್ಟ್ರೋಫೀ, ಆಂಟಿಸ್ಟ್ರೋಫೀ ಎಂದು ಜೋಡಿ ಪದ್ಯಗಳು ಬರುತ್ತವೆ. ಮೊದಲನೆಯದರ ಲಘು ಗುರು ವಿನ್ಯಾಸವೇ ಎರಡನೆಯದಕ್ಕೂ. ಒಂದರಲ್ಲಿ ಮೇಳ ಬಲಕ್ಕೆ, ಇನ್ನೊಂದರಲ್ಲಿ ಎಡಕ್ಕೆ ಚಲಿಸುತ್ತಿತ್ತು ಎಂದು ಹಳೆಯ ವ್ಯಾಖ್ಯಾನಕಾರರು ಬರೆದಿದ್ದಾರೆ. ನಡಿಗೆಯ ಸಾಲುಗಳಿಗೆ ಈ ಜೋಡಿ ಕಟ್ಟು ಕಡ್ಡಾಯವಲ್ಲ, ಆದರೆ ಅಭ್ಯಾಸಕ್ಕೆ ಇದಕ್ಕಿಂತ ಸುಲಭದ ಮೆಟ್ಟಿಲಿಲ್ಲ. ಮೂರು ದಿನದಲ್ಲಿ ಮಕ್ಕಳೇ ನಾಟಕದ ಅರ್ಧ ಹಾಡು ಬರೆದಿರುತ್ತಾರೆ.

ಭಯದ ಗಳಿಗೆಗೆ ಇನ್ನೊಂದು ಗಣ ಹೇಳಿಕೊಡುತ್ತೇನೆ. ದುರಂತ ನಾಟಕದಲ್ಲಿ ಎದೆ ಹೊಡೆದುಕೊಳ್ಳುವ ಸಂದರ್ಭಗಳಿಗೇ ಮೀಸಲಾದ ಡೋಕ್ಮಿಯಾಕ್ ಎಂಬ ವಿನ್ಯಾಸ: ಲಘು ಗುರು ಗುರು ಲಘು ಗುರು. ಯಗಣಕ್ಕೆ ಐದು ಮಾತ್ರೆ, ಉಳಿದದ್ದಕ್ಕೆ ಮೂರು. ಕನ್ನಡದಲ್ಲಿ ಹೆದರಿದಾಗ ಬಾಯಿಗೆ ಬರುವ “ಇದೇನಾಯಿತೋ” ಅನ್ನುವುದು ಸರಿಯಾಗಿ ಅದೇ. ಅದರ ಹಿಂದೆಯೇ “ಅದೇ ಸದ್ದದೋ”. ನಾಲ್ಕರ ನಡಿಗೆಯಲ್ಲಿ ಆರಾಮವಾಗಿ ಬರುತ್ತಿದ್ದ ಮೇಳ, ಲೈರ್‌ನ ಮೊದಲ ಮಿಡಿತಕ್ಕೆ ಥಟ್ಟನೆ ಈ ಕುಂಟುಲಯಕ್ಕೆ ಬಿದ್ದರೆ ನೋಡುವವರ ಹೊಟ್ಟೆಯೊಳಗೇ ಏನೋ ತಪ್ಪಿದಂತಾಗುತ್ತದೆ. ಇದಕ್ಕೆ ರಾಗ ಬೇಡವೇ ಬೇಡ.

ರಾಗ ಬೇಕಾದ ಕಡೆ ಶಾಲೆಯ ಸಂಗೀತದ ಮೇಡಂ ಅಥವಾ ಹಾರ್ಮೋನಿಯಂ ಬಲ್ಲ ಯಾರಾದರೂ ಒಬ್ಬರು ಸಾಕು. ಷಡ್ಜದಿಂದ ಪಂಚಮದೊಳಗೆ ಮುಗಿಯುವ ಧಾಟಿ ಕೇಳಿ, ಅದಕ್ಕಿಂತ ಮೇಲೆ ಹೋಗುವುದು ಬೇಡ. ದನಿ ಒಡೆಯುತ್ತಿರುವ ಹುಡುಗರಿಗೆ ಎತ್ತರದ ಸ್ವರವನ್ನು ಬಲವಂತ ಮಾಡಿದರೆ ಗಂಟಲು ನೋಯುತ್ತದೆ, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಗಿ ಮತ್ತೆಂದೂ ಬಾಯಿ ಬಿಡುವುದಿಲ್ಲ. ಅವರನ್ನು ಪಠಣದ ಸಾಲುಗಳಿಗೆ, ತಾಳಕ್ಕೆ, ಕೆಳಗಿನ ಸ್ಥಾಯಿಗೆ ಹಾಕಿ. ಅತಿ ಹೆಚ್ಚು ಒಡೆದ ದನಿಯವನಿಗೆ ಸೈಲೆನಸ್ ಪಾತ್ರ ಕೊಡಿ. ಗೊಗ್ಗರು ದನಿಯಲ್ಲಿ ಮಕ್ಕಳನ್ನು ಬೈಯುತ್ತ, ನಡುವೆ ಕೀರಲಾಗಿ ಹೆದರುವ ಮುದುಕನಿಗೆ ಅದು ಹೇಳಿ ಮಾಡಿಸಿದ ಗಂಟಲು. ಚೆನ್ನಾಗಿ ಹಾಡುವ ಐದಾರು ಮಂದಿಯನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸಬೇಡಿ. ಮೇಳದ ನಡುನಡುವೆ ಹಂಚಿ, ಪಕ್ಕದವರು ಅವರ ದನಿ ಹಿಡಿದು ಬರುತ್ತಾರೆ.

ಟ್ರ್ಯಾಕ್ ಹಾಕಿ ತುಟಿ ಆಡಿಸುವುದು ಸುಲಭ. ಮೈಕ್ ಕೈಕೊಟ್ಟರೂ, ಮಗು ಸಾಲು ಮರೆತರೂ ಯಾರಿಗೂ ಗೊತ್ತಾಗದು. ಆದರೆ ಟ್ರ್ಯಾಕ್ ಮಕ್ಕಳಿಗಾಗಿ ಕಾಯುವುದಿಲ್ಲ. ಔಲೋಸ್ ಊದುವವನು ಮೇಳದ ಜೊತೆಗೇ ಇದ್ದು, ಅದರ ಉಸಿರು ನೋಡಿ ನುಡಿಸುತ್ತಿದ್ದ. ಬದಲಿಗೆ ಊರಿನ ವಾಲಗದವರೊಬ್ಬರನ್ನು ಕೊನೆಯ ಎರಡು ವಾರಕ್ಕೆ ಕರೆಸಬಹುದು. ಔಲೋಸಿನಂತೆ ಅದೂ ನಾಲಗೆಪೀಪಿಯ ವಾದ್ಯ. ಒಂದೇ ತೊಡಕು, ಸಭಾಂಗಣದೊಳಗೆ ಮಕ್ಕಳ ದನಿ ಅದರಡಿ ಮುಚ್ಚಿಹೋಗುತ್ತದೆ. ಬಯಲಿನಲ್ಲಿ ಆಡುವುದಾದರೆ, ಅದೂ ಸಾಲುಗಳ ನಡುವಿನ ಖಾಲಿಯಲ್ಲಿ ಮಾತ್ರ ಊದುವಂತೆ, ಅವರನ್ನು ಕರೆಸಿ.

ಬಯಲೇ ಒಳ್ಳೆಯದು. ಆಟದ ಮೈದಾನದಲ್ಲಿ ಸುಣ್ಣದಿಂದ ಏಳೆಂಟು ಮೀಟರಿನ ವೃತ್ತ ಎಳೆಯಿರಿ, ಮೆಟ್ಟಿಲುಗಳಿರುವ ಕಡೆ ಜನ ಕೂರಲಿ. ಮುಖವಾಡವನ್ನು ಹಳೇ ಪೇಪರ್, ಮೈದಾ ಅಂಟಿನಿಂದ ಮಕ್ಕಳೇ ಮಾಡಲಿ, ಆದರೆ ಮೂಗಿನವರೆಗಿನ ಅರ್ಧ ಮುಖವಾಡ. ಪೂರ್ತಿ ಮುಖವಾಡದಲ್ಲಿ ಈ ವಯಸ್ಸಿನವರ ದನಿ ಒಳಗೇ ಉಳಿಯುತ್ತದೆ. ಅರ್ಧದ್ದರಲ್ಲೂ ಕಾಲ ಬಳಿ ಏನಿದೆ ಎಂದು ಕಾಣದು. ಎರಡನೇ ವಾರದಿಂದಲೇ ತೊಟ್ಟು ನಡೆಸಿ. ಕೊನೆಯ ದಿನ ಕೊಟ್ಟರೆ ಡಿಕ್ಕಿ ಗ್ಯಾರಂಟಿ.

ಹಕ್ಕುಸ್ವಾಮ್ಯದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಸೊಫೊಕ್ಲಿಸ್‌ಗೆ ಯಾರಪ್ಪಣೆಯೂ ಬೇಡ, ಅನುವಾದಕರಿಗೆ ಬೇಕು. ನಮ್ಮಲ್ಲಿ ಹಕ್ಕು ಇರುವುದು ಬರೆದವರು ತೀರಿಕೊಂಡ 60 ವರ್ಷದವರೆಗೆ. 1946ರಲ್ಲಿ ತೀರಿಕೊಂಡ ಬಿಎಂಶ್ರೀ ಅವರ ಅನುವಾದ ಈಗ ಮುಕ್ತ. 2000ದಲ್ಲಿ ತೀರಿಕೊಂಡ ಲಂಕೇಶರದು ಅಲ್ಲ. ಶಾಲೆಯ ಮಕ್ಕಳು, ಶಿಕ್ಷಕರು ಆಡಿ, ನೋಡುವವರೂ ಶಾಲೆಯವರು, ಪೋಷಕರೇ ಆಗಿದ್ದರೆ ಹಕ್ಕುಸ್ವಾಮ್ಯ ಕಾಯಿದೆಯ 52ನೇ ಕಲಂ ವಿನಾಯಿತಿ ಕೊಡುತ್ತದೆ. ಟಿಕೆಟ್ ಇಟ್ಟರೆ, ಹೊರಗಿನವರನ್ನು ಕರೆದರೆ, ವಿಡಿಯೋವನ್ನು ಯೂಟ್ಯೂಬಿಗೆ ಹಾಕಿದರೆ ಲೆಕ್ಕವೇ ಬೇರೆ. ಸಿನಿಮಾ ಹಾಡಿನ ಟ್ರ್ಯಾಕ್ ಬಳಸಿ ವಿಡಿಯೋ ಹಾಕುವ ಶಾಲೆಗಳು ಸಿಕ್ಕಿಬೀಳುವುದು ಇಲ್ಲೇ. ಮಕ್ಕಳೇ ಕಟ್ಟಿದ ಹಾಡಿಗೆ ಈ ತಲೆನೋವಿಲ್ಲ.

ಪೋಷಕರಿಗೆ ಕಾಗದ ಬರೆದು ಸಮಜಾಯಿಷಿ ಕೊಡುವ ಬದಲು ಒಂದು ಸಂಜೆ ತಾಲೀಮಿಗೆ ಕರೆಯಿರಿ, ಹಸು ಕದ್ದ ಕೂಸಿನ ಕಥೆಗೆ ಯಾರೂ ಮುಖ ಸಿಂಡರಿಸುವುದಿಲ್ಲ. ಸಮಯ ಆರೇಳು ವಾರ, ವಾರಕ್ಕೆ ಮೂರು ಪಿರಿಯಡ್ ಇದ್ದರೆ ಸಾಕು. ನಾಟಕ ಇಪ್ಪತ್ತೈದು ನಿಮಿಷ ಮೀರದಿರಲಿ. ಪಪೈರಸ್ ಹರಿದಿರುವುದರಿಂದ ಸೊಫೊಕ್ಲಿಸ್‌ನ ಕೊನೆ ನಮಗೆ ಸಿಕ್ಕಿಲ್ಲ. ಸ್ಯಾಟಿರ್‌ಗಳು ಕೂಸಿನ ಮೇಲೆ ಕಳ್ಳತನ ಹೊರಿಸಿ ಜಗಳಕ್ಕೆ ನಿಂತ ಸ್ವಲ್ಪ ಹೊತ್ತಿಗೆ ಸಾಲುಗಳು ಕಡಿದುಹೋಗುತ್ತವೆ. ಅಲ್ಲಿಂದ ಮುಂದಕ್ಕೆ ಹೋಮರನ ಹೆಸರಿನಲ್ಲಿರುವ ‘ಹರ್ಮಿಸ್ ಸ್ತುತಿ’ಯ ಕಥೆ ಇದೆ. ಬೆಳಗ್ಗೆ ಹುಟ್ಟಿ, ಮಧ್ಯಾಹ್ನ ಲೈರ್ ನುಡಿಸಿ, ಸಂಜೆ ಐವತ್ತು ಹಸು ಕದ್ದವನು ಕೊನೆಗೆ ಆ ಲೈರನ್ನೇ ಅಪೋಲೋನಿಗೆ ಕೊಟ್ಟು ರಾಜಿಯಾಗುತ್ತಾನೆ. ಅದನ್ನು ಎಂಟನೇ ತರಗತಿಯವರಿಗೆ ಓದಿ ಹೇಳಿ, ಕೊನೆಯ ದೃಶ್ಯವನ್ನು ಅವರಿಂದಲೇ ಬರೆಸಿ. ಆದರೆ ಮೂರನೇ ವಾರಕ್ಕೆ ಮೊದಲು ಬೇಡ. ಲಘು ಗುರು ಕಾಲಿಗೆ ಹತ್ತುವ ಮುನ್ನ ಬರೆಯಲು ಕೂರಿಸಿದರೆ ಸಿನಿಮಾ ಹಾಡಿನ ಧಾಟಿಯಲ್ಲೇ ಬರೆದು ತರುತ್ತಾರೆ.